ದಿನದ ಪಾಸು ಮತ್ತು ಅಡಕೊತ್ತು

ಬಿಬವೇವಾಡಿಯಲ್ಲಿ ನಮ್ಮ ಮನೆ ಗುಡ್ಡದ ಕಡೆಗಿದೆ. ಬೆಳಿಗ್ಗೆ ಬಸ್ ಸ್ಟಾಪಿಗೆ ಇಳಿದು ಬರುವಾಗ ಗಾಳಿ ಮಾರ್ಕೆಟ್ ಯಾರ್ಡಿನ ಕಡೆಯಿಂದ ಬೀಸಿದರೆ ಉಳ್ಳಾಗಡ್ಡಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಮೂರರ ವಾಸನೆಯೂ ಒಟ್ಟಿಗೇ ಬರುತ್ತದೆ. ಧಾರವಾಡದಿಂದ ಬಂದು ಎಂಟು ದಿನವಾಗಿದ್ದ ಅವ್ವ ಅಂದು ಸ್ಟಾಪಿನಲ್ಲಿ ನಿಂತು ಒಮ್ಮೆ ಉಸಿರೆಳೆದುಕೊಂಡು, “ಬ್ಯಾಡಗಿ ಮೆಣಸಿನಕಾಯಿ ಬಂದದ ನೋಡು” ಅಂದಳು. ಹತ್ತೊಂಬತ್ತು ವರ್ಷದಿಂದ ಅದೇ ಸ್ಟಾಪಿನಲ್ಲಿ ನಿಂತ ನನಗೆ ಅದು ಬರೀ ಮೆಣಸಿನಕಾಯಿ ಘಾಟು. ಊರಿನ ಹೆಸರು ಹಿಡಿದು ಹೇಳುವಷ್ಟು ನನ್ನ ಮೂಗು ಎಂದೂ ಕಲಿಯಲಿಲ್ಲ.

ಅಪ್ಪರ್ ಡಿಪೋದಿಂದ ಬಂದ ಬಸ್ಸು ಹತ್ತಿದೆವು. ಈಗಿನ ಹೆಸರು ಪಿಎಂಪಿಎಂಎಲ್. 2007ರಲ್ಲಿ ಪುಣೆ ಮತ್ತು ಪಿಂಪ್ರಿ-ಚಿಂಚವಾಡದ ಎರಡು ಸಾರಿಗೆ ಸಂಸ್ಥೆಗಳು ಒಂದಾಗಿ ಈ ಹೆಸರು ಬಂತು, ಆದರೆ ನಮ್ಮ ಸೊಸೈಟಿಯ ಹಿರಿಯರ ಬಾಯಲ್ಲಿ ಅದು ಇನ್ನೂ ಪಿಎಂಟಿಯೇ. ಕಂಡಕ್ಟರ್ ಹತ್ತಿರ ದಿನದ ಪಾಸು ಎರಡು ಕೇಳಿದೆ. 2025ರ ಜೂನ್ ತನಕ 40 ರೂಪಾಯಿ ಇದ್ದದ್ದು ಈಗ 70. ಆತ ಚೀಟಿ ಹರಿದು ಅವ್ವನ ಕೈಗಿಟ್ಟು, “ಆಜಿ, ದಿವಸಭರ ಫಿರಾ” ಅಂದ, ದಿನವೆಲ್ಲ ತಿರುಗಾಡಿ ಅಂತ. ಅವ್ವ ಪಾಸನ್ನು ನಾಲ್ಕು ಮಡಿಕೆ ಮಾಡಿ ಸೊಂಟದ ಎಲೆಅಡಿಕೆ ಚೀಲದಲ್ಲಿ ಸೇರಿಸಿದಳು.

ಕೆಲವು ವರ್ಷದ ಹಿಂದೆ ಗಂಡನ ಕೆಲಸದ ಮೇಲೆ ಪ್ಯಾರಿಸ್ಸಿಗೆ ಹೋದಾಗ ಅಲ್ಲಿಯ ಮ್ಯೂಸಿಯಂ ಪಾಸು ತೆಗೆದುಕೊಂಡಿದ್ದೆ. ಐವತ್ತಕ್ಕೂ ಹೆಚ್ಚು ಜಾಗಗಳಿಗೆ ಅದೊಂದೇ ಚೀಟಿ. ಎರಡು ದಿನದ್ದು, ನಾಲ್ಕು ದಿನದ್ದು, ಆರು ದಿನದ್ದು ಅಂತ ಮೂರು ಬಗೆ. ನಾನು ಕೊಂಡದ್ದು ಎರಡು ದಿನದ್ದು. ಕೊಟ್ಟ ದುಡ್ಡು ಹುಟ್ಟಬೇಕಲ್ಲ ಎಂದು ಬೆಳಗಿನಿಂದ ಸಂಜೆವರೆಗೆ ಓಡಿದೆ. ಲೂವ್ರ್‌ನಲ್ಲಿ ಏನು ನೋಡಿದೆ ಎಂದು ಯಾರಾದರೂ ಕೇಳಿದರೆ ಇಂದಿಗೂ ನನಗೆ ನೆನಪಾಗುವುದು ಜನರ ಬೆನ್ನುಗಳು. ಪುಣೆಯಲ್ಲಿ ಎಲ್ಲ ಮ್ಯೂಸಿಯಂಗಳನ್ನು ಒಂದೇ ಚೀಟಿಯಲ್ಲಿ ನೋಡುವ ವ್ಯವಸ್ಥೆ ಇಲ್ಲ. ಬಸ್ಸಿನ ಪಾಸು ಇದೆ, ಮ್ಯೂಸಿಯಂ ಬಾಗಿಲಲ್ಲಿ ಬೇರೆ ಬೇರೆ ಟಿಕೆಟ್ಟು. ಆದರೂ ನಾನು ಪ್ಯಾರಿಸ್ಸಿನ ಚಟ ಬಿಡದೆ ಹಿಂದಿನ ರಾತ್ರಿಯೇ ಕಾಗದದ ಮೇಲೆ ಐದು ಹೆಸರು ಬರೆದಿದ್ದೆ: ಕೇಳ್ಕರ್ ಮ್ಯೂಸಿಯಂ, ಶನಿವಾರವಾಡೆ, ಪಾತಾಳೇಶ್ವರ, ಫುಲೆವಾಡೆ, ಆಗಾಖಾನ್ ಅರಮನೆ. ಒಂದೊಂದಕ್ಕೆ ಒಂದು ತಾಸು.

ಸ್ವಾರಗೇಟಿನಲ್ಲಿ ಬಸ್ಸು ಬದಲಿಸಿ ಬಾಜಿರಾವ್ ರಸ್ತೆಗೆ ಬಂದೆವು. ಪುಣೆಯ ಹಳೇ ಪೇಟೆಗೆ ಹೋಗುವ ಬಸ್ಸು ಬಾಜಿರಾವ್ ರಸ್ತೆಯಲ್ಲಿ ಹೋಗಿ ಶಿವಾಜಿ ರಸ್ತೆಯಲ್ಲಿ ಹಿಂದಿರುಗುತ್ತದೆ. ಹೊಸದಾಗಿ ಬಂದವರು ಇಳಿದಲ್ಲೇ ತಿರುಗಿ ಹತ್ತಲು ಕಾದು ಮೋಸಹೋಗುತ್ತಾರೆ. ಚಿಂಚೇಚಿ ತಾಲೀಮಿನ ಹತ್ತಿರದ ಓಣಿಯಲ್ಲಿ, ಸುತ್ತಲ ಮನೆಗಳ ನಡುವೆ ತಾನೂ ಒಂದು ಮನೆಯಂತೆ ನಿಂತಿದೆ ರಾಜಾ ದಿನಕರ ಕೇಳ್ಕರ್ ಮ್ಯೂಸಿಯಂ.

ಹೆಸರಿನಲ್ಲಿರುವ ರಾಜಾ ಅರಸನಲ್ಲ, ಏಳು ವರ್ಷದ ಹುಡುಗ. ದಿನಕರ ಗಂಗಾಧರ ಕೇಳ್ಕರರ ಒಬ್ಬನೇ ಮಗ. ಮಗು ತೀರಿಕೊಂಡಿತು. ಕೇಳ್ಕರರು ಕವಿ, ‘ಅಜ್ಞಾತವಾಸಿ’ ಅವರ ಕಾವ್ಯನಾಮ. 1896ರಲ್ಲಿ ಹುಟ್ಟಿದ ಅವರು 1920ರ ಸುಮಾರಿಗೆ ಹಳೆಯ ವಸ್ತುಗಳನ್ನು ಕೂಡಿಸಲು ಹಿಡಿದವರು, ಹೆಚ್ಚುಕಡಿಮೆ ಸಾಯುವ ತನಕ ನಿಲ್ಲಿಸಲಿಲ್ಲ. ಹೆಂಡತಿ ಕಮಲಾಬಾಯಿ ಜೊತೆಗಿದ್ದರು. ಹಳ್ಳಿ ಹಳ್ಳಿ ಅಲೆದು, ಜನ ಅಟ್ಟಕ್ಕೆ ಎಸೆದದ್ದನ್ನು, ತೂಕಕ್ಕೆ ಹಾಕಲು ತೆಗೆದಿಟ್ಟದ್ದನ್ನು ಕೇಳಿ ತಂದರು. ಆಮೇಲೆ ಅಷ್ಟನ್ನೂ ಮಹಾರಾಷ್ಟ್ರ ಸರ್ಕಾರಕ್ಕೆ ಒಪ್ಪಿಸಿಬಿಟ್ಟರು. ಈಗ ಅಲ್ಲಿರುವ ವಸ್ತುಗಳು 20,000ಕ್ಕೂ ಹೆಚ್ಚು, ನಮ್ಮ ಕಣ್ಣಿಗೆ ಬೀಳುವುದು ಸುಮಾರು 2,500. ಒಬ್ಬ ಮಗ ಇಲ್ಲದ ಮನೆಗೆ ಇಪ್ಪತ್ತು ಸಾವಿರ ಮನೆಗಳ ಸಾಮಾನು ಬಂದು ಸೇರಿತು. ಇದನ್ನು ಅವ್ವನಿಗೆ ಬಾಗಿಲಲ್ಲೇ ಹೇಳಿದೆ. ಅವಳು ಮಾತಾಡಲಿಲ್ಲ. ಚಪ್ಪಲಿ ಬಿಡಬೇಕೇನು ಎಂದು ಕಾವಲಿನವನನ್ನು ಕೈಸನ್ನೆಯಲ್ಲಿ ಕೇಳಿದಳು. ಬೇಡ ಅಂದ.

ಮೊದಲ ಕೋಣೆಗಳಲ್ಲಿ ದೀಪಗಳು. ಸಮೆಗಳು, ತೂಗುವ ಲಾಮಣದೀಪಗಳು, ಕೈಯಲ್ಲಿ ಹಿಡಿಯುವವು. ನಾನು ಚೀಟಿ ಓದುತ್ತ ಹೋದೆ: ಹಿತ್ತಾಳೆ, ಶತಮಾನ, ಊರು. ಅವ್ವ ಚೀಟಿ ಓದುವವಳಲ್ಲ. ಮರಾಠಿ ಅಕ್ಷರ ಅವಳಿಗೆ ಬರುತ್ತದೆ, ಆದರೂ ಓದಲಿಲ್ಲ. ದೀಪದ ಬಾಯಿ ನೋಡಿ, “ಇದಕ್ಕ ಎರಡ ಬತ್ತಿ. ಇದು ಎಣ್ಣಿ ಭಾಳ ಕುಡೀತದ” ಅನ್ನುತ್ತ ಮುಂದೆ ಸರಿದಳು. ಒಂದು ಗಾಜಿನ ಆಚೆ ಚೇಳಿನ ಆಕಾರದ ಬೀಗ. ನೋಡಲು ಬಂದ ಹುಡುಗರೆಲ್ಲ ಅಲ್ಲಿ ನಿಲ್ಲುತ್ತಾರೆ. ಅವ್ವ ನಿಲ್ಲಲಿಲ್ಲ. ಕೋಥ್ರೂಡಿನಿಂದ ತಂದು ಜೋಡಿಸಿದ ಮಸ್ತಾನಿ ಮಹಲಿನ ಕೋಣೆಯಲ್ಲೂ ನಿಲ್ಲಲಿಲ್ಲ. ಪೇಶ್ವೆ ಬಾಜಿರಾಯ ತನ್ನ ಪ್ರೀತಿಯ ಹೆಣ್ಣಿಗೆ ಕಟ್ಟಿಸಿದ್ದು ಅಂದೆ. “ಹೌದೇನು” ಅಂದಳು, ಮರ್ಯಾದೆಗೆ.

ಅವಳು ನಿಂತದ್ದು ಅಡಕೊತ್ತಿನ ಮುಂದೆ.

ಒಂದಲ್ಲ, ಸಾಲು ಸಾಲು. ಕುದುರೆ ಆಕಾರದ್ದು, ಹಕ್ಕಿಯದ್ದು, ಅಪ್ಪಿ ನಿಂತ ಗಂಡುಹೆಣ್ಣಿನದ್ದು. ಮರಾಠಿಯಲ್ಲಿ ಅಡಕಿತ್ತಾ ಅನ್ನುತ್ತಾರೆ, ನಮ್ಮ ಮಾತಿಗೂ ಅವರ ಮಾತಿಗೂ ನಡುವೆ ಒಂದೆರಡು ಅಕ್ಷರ ಅತ್ತಿತ್ತ. ಇಕ್ಕಟ್ಟಿನಲ್ಲಿ ಸಿಕ್ಕವರನ್ನು ಅಡಕತ್ತರಿಯಲ್ಲಿ ಸಿಕ್ಕಹಾಗೆ ಅಂತ ನಾನೂ ದಿನಕ್ಕೊಮ್ಮೆ ಹೇಳುತ್ತೇನೆ. ಆದರೆ ಅಡಕತ್ತರಿಯಲ್ಲಿ ಅಡಿಕೆ ಸಿಕ್ಕದ್ದನ್ನು ನಾನು ಕಣ್ಣಾರೆ ನೋಡಿದ್ದು ಯಾವಾಗ? ನೆನಪಿಲ್ಲ. ಮಾತು ಉಳಿದಿದೆ, ಕೈಯೊಳಗಿನ ವಸ್ತು ಗಾಜಿನ ಹಿಂದೆ ಹೋಗಿದೆ.

“ಇದನ್ಯಾಕ ಗಾಜಿನೊಳಗ ಇಟ್ಟಾರ?” ಅಂದಳು ಅವ್ವ. ನಿಜವಾಗಿ ಕೇಳಿದಳು.

ನಾನು ಏನೋ ಉತ್ತರ ಕೊಟ್ಟೆ. ಅವಳ ಗಮನ ನನ್ನ ಮೇಲಿರಲಿಲ್ಲ. ಬಲಗೈ ತಾನಾಗಿ ಮೇಲೆ ಬಂದಿತ್ತು: ಹೆಬ್ಬೆರಳು ಮೇಲಿನ ಹಿಡಿಗೆ, ಉಳಿದ ನಾಲ್ಕು ಬೆರಳು ಕೆಳಗಿನ ಹಿಡಿಗೆ. ಎಡಗೈಯ ಎರಡು ಬೆರಳ ತುದಿಯಲ್ಲಿ ಕಾಣದ ಒಂದು ಅಡಿಕೆ. “ಜೋರ್ ಮಾಡಿ ಒತ್ತಬಾರದು. ಒತ್ತಿದರ ಸಿಡದು ಹೋಗತದ, ಚೂರಾಗತದ. ಮೊದಲ ಅರ್ಧಕ್ಕ ಸೀಳಬೇಕು. ಆಮ್ಯಾಲ ಸಪಾಟ ಬಾಜು ಕೆಳಗ ಮಾಡಿ ಹಿಂಗ ಹಿಂಗ ಕೆತ್ತಕೋತ ಹೋಗಬೇಕು.” ಮಣಿಕಟ್ಟು ಸ್ವಲ್ಪವೇ ಆಡುತ್ತಿತ್ತು. ಅದರ ಲಯ ನೋಡುತ್ತ ನಿಂತರೆ ಕಚ್ ಕಚ್ ಸದ್ದು ಕೇಳಿಸುವಂತಿತ್ತು. “ನಮ್ಮತ್ತಿಗೆ ಹಲ್ಲು ಇರಲಿಲ್ಲ. ಉಳ್ಳಾಗಡ್ಡಿ ಸಿಪ್ಪಿಯಂಥಾ ಹೋಳು ಬೇಕು ಆಕಿಗೆ. ದಪ್ಪ ಆದರ ಸೊಸಿಗೆ ಬೈಗಳ. ದಿನಾ ಮಧ್ಯಾಹ್ನ ಊಟಾದ ಮ್ಯಾಲ ನನ್ನ ಕೆಲಸ ಇದ.”

ಅಜ್ಜಿ ತೀರಿಕೊಂಡಾಗ ನಾನು ನಾಲ್ಕು ವರ್ಷದವಳು. ಅವಳ ಬೊಚ್ಚುಬಾಯಿ ನನಗೆ ಗೊತ್ತು. ಆ ಬಾಯಿಗಾಗಿ ಒಬ್ಬಳು ದಿನಾ ಮಧ್ಯಾಹ್ನ ಅಡಿಕೆ ಕೆತ್ತುತ್ತ ಕೂತಿದ್ದಳು ಎಂಬುದು ನನಗೆ ಗೊತ್ತಿರಲಿಲ್ಲ. ಅತ್ತೆಯ ಬಗ್ಗೆ ಅವ್ವ ಒಳ್ಳೆಯ ಮಾತಾಡಿದ್ದನ್ನು ನಾನು ಕಡಿಮೆ ಕೇಳಿದ್ದೇನೆ. ಅಂದೂ ಒಳ್ಳೆಯ ಮಾತೇನೂ ಆಡಲಿಲ್ಲ. ಆದರೆ ಆ ಕೈ ಸಿಟ್ಟಿನ ಕೈಯಾಗಿರಲಿಲ್ಲ.

“ಅದು ಎಲ್ಲಿ ಹೋತವ್ವಾ, ನಮ್ಮ ಅಡಕೊತ್ತು?”

“ಮೋಡಕಾದವಗ ಕೊಟ್ಟೆ. ಹಿತ್ತಾಳಿ ತಂಬಗಿ, ಪರಾತ, ಎಲ್ಲಾ ಕೂಡಿ. ಸ್ಟೀಲಿನ ಡಬ್ಬಿ ಕೊಟ್ಟ. ಆವಾಗ ಸ್ಟೀಲು ಅಂದರ ಮರ್ಯಾದಿ.”

ಒಂದು ತಾಸು ಎಂದು ಬರೆದಿದ್ದ ಜಾಗದಲ್ಲಿ ಮೂರೂವರೆ ತಾಸು ಕಳೆಯಿತು. ಹೆಣ್ಣುಮಕ್ಕಳ ವಸ್ತುಗಳಿಗೆಂದೇ ಇರುವ ವನಿತಾ ಕಕ್ಷದಲ್ಲಿ ಅವಳು ಹಣಿಗೆ, ಕುಂಕುಮದ ಭರಣಿ, ಹಿಮ್ಮಡಿ ತಿಕ್ಕುವ ಹಿತ್ತಾಳೆಯ ಸಾಧನ ಒಂದೊಂದಕ್ಕೂ ಒಬ್ಬೊಬ್ಬ ಹೆಂಗಸಿನ ಹೆಸರು ಹೇಳಿದಳು: ಇದು ನಮ್ಮ ದೊಡ್ಡವ್ವನಂಥಾದು, ಇದು ಹಿಂದಿನ ಓಣಿಯವರದು. ಕೇಳ್ಕರರು ವಸ್ತು ಉಳಿಸಿದರು. ಯಾವ ಮನೆಯ ಯಾರ ಕೈಯಲ್ಲಿ ಅದು ಸವೆಯಿತು ಎಂಬುದು ಚೀಟಿಯ ಮೇಲೆ ಬರಲು ಸಾಧ್ಯವಿಲ್ಲ. ಬಳಸಿದ ಕೊನೆಯ ತಲೆಮಾರು ಕೈಕಾಲು ಗಟ್ಟಿ ಇರುವಾಗಲೇ ಇಲ್ಲಿಗೆ ಬಂದು ಹೋಗಬೇಕು ಎಂದು ನನಗೆ ಬಲವಾಗಿ ಅನ್ನಿಸಿತು. ಶಾಲೆ ಮಕ್ಕಳನ್ನು ಸಾಲಾಗಿ ಕರೆತರುತ್ತಾರೆ, ಒಳ್ಳೆಯದೇ. ಪ್ರತಿ ಹತ್ತು ಮಕ್ಕಳಿಗೆ ಒಬ್ಬ ಅಜ್ಜಿಯನ್ನೂ ಕರೆತರಬೇಕು.

ಪೇಶ್ವೆಗಳ ಅರಮನೆಯಾಗಿದ್ದ ಶನಿವಾರವಾಡೆಯನ್ನು ಬಸ್ಸಿನ ಕಿಟಕಿಯಿಂದಲೇ ತೋರಿಸಿದೆ. 1730ರ ಜನವರಿ 10ರಂದು ಅಡಿಗಲ್ಲು, ಎರಡು ವರ್ಷಕ್ಕೆ ಗೃಹಪ್ರವೇಶ, 1828ರಲ್ಲಿ ಬಿದ್ದ ಬೆಂಕಿ ಏಳು ದಿನ ಉರಿಯಿತು. ಕಲ್ಲಿನ ಕೋಟೆ, ದಿಲ್ಲಿ ದರವಾಜಾ, ಒಳಗೆ ಬುನಾದಿ ಉಳಿದಿವೆ. 1773ರಲ್ಲಿ ಹದಿನೆಂಟು ವರ್ಷದ ಪೇಶ್ವೆ ನಾರಾಯಣರಾಯನನ್ನು ಕೊಂದದ್ದು ಇಲ್ಲೇ ಎಂದಾಗ ಅವ್ವ ಮುಖ ತಿರುಗಿಸಿ, “ಹಸಿವಾಗೇದ” ಅಂದಳು.

ಎಫ್.ಸಿ. ರಸ್ತೆಯಲ್ಲಿ ಜಗನ್ನಾಥ ಶೆಟ್ಟರು ಬೆಳೆಸಿದ ವೈಶಾಲಿಯಲ್ಲಿ ದೋಸೆ ತಿಂದು ಪಾತಾಳೇಶ್ವರಕ್ಕೆ ನಡೆದೆವು. ಜಂಗಲೀ ಮಹಾರಾಜ ರಸ್ತೆಯ ಗದ್ದಲದಿಂದ ನಾಲ್ಕು ಹೆಜ್ಜೆ ಒಳಗೆ ಇಟ್ಟರೆ ನೆಲದ ಮಟ್ಟಕ್ಕಿಂತ ಕೆಳಗೆ ಒಂದೇ ಕರಿಕಲ್ಲಿನಲ್ಲಿ ಕೊರೆದ ಗುಡಿ. ಮುಂದೆ ಛತ್ರಿಯಂತೆ ದುಂಡಗಿನ ನಂದಿಮಂಟಪ, ಅದೂ ಅದೇ ಬಂಡೆ. ರಾಷ್ಟ್ರಕೂಟರ ಕಾಲದ್ದು, ಎಂಟನೆಯ ಶತಮಾನ. ಪುಣೆಯ ಹೆಸರು ಬರಹದಲ್ಲಿ ಮೊದಲು ಸಿಗುವುದೂ ರಾಷ್ಟ್ರಕೂಟರ ತಾಮ್ರಪಟಗಳಲ್ಲೇ. 758ರ ಒಂದರಲ್ಲಿ ‘ಪುಣ್ಯ ವಿಷಯ’, 768ರ ಇನ್ನೊಂದರಲ್ಲಿ ‘ಪುಣಕ ವಿಷಯ’. ಆಗ ಆಳುತ್ತಿದ್ದವನು ಒಂದನೆಯ ಕೃಷ್ಣ, ಎಲ್ಲೋರದ ಕೈಲಾಸದೊಂದಿಗೆ ಹೆಸರು ಸೇರಿಕೊಂಡ ದೊರೆ. ಮಳಖೇಡವನ್ನು ಮುಂದೆ ರಾಜಧಾನಿ ಮಾಡಿಕೊಂಡದ್ದು ಇದೇ ಮನೆತನ. ಪುಣೆಗೆ ಬಂದ ಕನ್ನಡಿಗರು ತಮ್ಮನ್ನು ನಿನ್ನೆ ಮೊನ್ನೆ ಬಂದವರೆಂದುಕೊಳ್ಳುತ್ತಾರೆ. ಹೋಟೆಲು, ಗಿರಣಿ, ನೌಕರಿ, 1918ರಲ್ಲಿ ಹುಟ್ಟಿದ ಕನ್ನಡ ಸಂಘ, ಇವೆಲ್ಲ ಈಚಿನ ಮಾತು. ಈ ಊರಿನ ಹೆಸರು ತಾಮ್ರದ ಮೇಲೆ ಇಳಿದಾಗ ನಮ್ಮ ನೆಲದ ಅರಸರ ಮುದ್ರೆ ಜೊತೆಗಿತ್ತು. ಹಕ್ಕು ಸಾಧಿಸಲು ಇದನ್ನು ಹೇಳುತ್ತಿಲ್ಲ. ಆ ತಣ್ಣನೆಯ ಬಂಡೆಗೆ ಬೆನ್ನು ಹಚ್ಚಿ ಕೂತಾಗ ಪರಊರಿನಲ್ಲಿದ್ದೇನೆ ಅನ್ನಿಸಲಿಲ್ಲ, ಅಷ್ಟೆ.

ಅವ್ವ ಗರ್ಭಗುಡಿಯ ಕಡೆ ನೋಡಿ ಕೈಮುಗಿದು, ಗೋಡೆ ಮುಟ್ಟಿ, “ಇದನ್ನ ಅರ್ಧಕ್ಕ ಬಿಟ್ಟಾರ” ಅಂದಳು. ಹೌದು, ಗುಡಿ ಪೂರ್ತಿಯಾಗಿಲ್ಲ. ಅದನ್ನು ನಾನು ಪುಸ್ತಕದಲ್ಲಿ ಓದಿ ತಿಳಿದಿದ್ದೆ, ಅವಳಿಗೆ ಅಂಗೈ ಹೇಳಿತು.

ಮಹಾನಗರ ಪಾಲಿಕೆಯ ಮುಂದಿನ ಮನಪಾ ಸ್ಟಾಪಿಗೆ ಬಂದು ನಗರ್ ರಸ್ತೆಯ ಬಸ್ಸು ಹಿಡಿದೆವು. ಆಗಾಖಾನ್ ಅರಮನೆಯ ಬಾಗಿಲಲ್ಲಿ 25 ರೂಪಾಯಿ ಟಿಕೆಟ್ಟು. ಸಂಜೆಯ ಬಿಸಿಲಿನಲ್ಲಿ ಕಮಾನುಗಳು, ಹುಲ್ಲುಹಾಸು, ದೊಡ್ಡ ಮರಗಳು. ಮೂರನೆಯ ಆಗಾಖಾನರು ಬರಗಾಲದ ಜನಕ್ಕೆ ಕೂಲಿ ಸಿಗಲೆಂದು 1892ರಲ್ಲಿ ಕಟ್ಟಿಸಿದ ಮನೆ. ಅರ್ಧ ಶತಮಾನದ ಮೇಲೆ ಅದು ಸೆರೆಮನೆಯಾಯಿತು. ಕ್ವಿಟ್ ಇಂಡಿಯಾ ಕರೆಯ ಮರುದಿನ, 1942ರ ಆಗಸ್ಟ್ 9ರಂದು ಗಾಂಧೀಜಿಯನ್ನು ಹಿಡಿದು ಇಲ್ಲಿ ತಂದಿಟ್ಟರು. ಅವರು ಹೊರಗೆ ಬಂದದ್ದು 1944ರ ಮೇ 6ರಂದು. ನಡುವೆ 1943ರ ಫೆಬ್ರವರಿಯಲ್ಲಿ ಇಲ್ಲೇ ಇಪ್ಪತ್ತೊಂದು ದಿನದ ಉಪವಾಸ.

ಅವರು ಬಂದದ್ದು ಜೊತೆಯವರೊಂದಿಗೆ, ಹೋದದ್ದು ಇಬ್ಬರನ್ನು ಇಲ್ಲೇ ಬಿಟ್ಟು. ಅವರ ಕಾರ್ಯದರ್ಶಿ ಮಹಾದೇವ ದೇಸಾಯಿ ಸೆರೆಗೆ ಬಂದ ಆರು ದಿನಕ್ಕೆ, ಆಗಸ್ಟ್ 15ರಂದು ಹೃದಯ ನಿಂತು ತೀರಿಕೊಂಡರು. ಅರಮನೆಯ ವಯಸ್ಸೇ ಅವರದು, 1892ರಲ್ಲೇ ಹುಟ್ಟಿದವರು, ಐವತ್ತು ವರ್ಷ. ಗಾಂಧೀಜಿ ದಿನಾ ಆ ಜಾಗಕ್ಕೆ ನಡೆದುಹೋಗಿ ಹೂ ಇಡುತ್ತಿದ್ದರು. ಕಸ್ತೂರಬಾ ಹೋದದ್ದು 1944ರ ಫೆಬ್ರವರಿ 22ರಂದು.

“ಅವತ್ತು ಶಿವರಾತ್ರಿ ಇತ್ತು” ಎಂದು ಅವ್ವನಿಗೆ ಹೇಳಿದೆ.

ಅವಳು ಆಗ ಬಾಪು ಮತ್ತು ಬಾ ಇದ್ದ ಕೋಣೆಗಳ ಮುಂದೆ ನಿಂತಿದ್ದಳು. ಕಾಪಿಟ್ಟ ವಸ್ತುಗಳು ಕೆಲವೇ: ಬಟ್ಟೆ, ಪಾತ್ರೆ, ಚಪ್ಪಲಿ. ಬೆಳಿಗ್ಗೆ ಕಂಡ ಕುದುರೆ ಮುಖದ ಅಡಕೊತ್ತುಗಳನ್ನು ಬಡಿದವನು ಅಲಂಕಾರಕ್ಕೆ ಎಷ್ಟು ದಿನ ಸುರಿದಿದ್ದನೋ. ಇಲ್ಲಿ ಅಲಂಕಾರದ ಒಂದು ಗೆರೆಯಿಲ್ಲ, ಪಾತ್ರೆ ಅಂದರೆ ಬರೀ ಪಾತ್ರೆ. ಈ ಅರಮನೆಯಲ್ಲಿ ಎಪ್ಪತ್ತು ದಾಟಿದ ಹೆಂಡತಿಗೆ ಎಪ್ಪತ್ತು ದಾಟಿದ ಗಂಡ ಗುಜರಾತಿ ಪಾಠ, ಭೂಗೋಳದ ಪಾಠ ಹೇಳುತ್ತಿದ್ದ ಎಂದೆ. ಅವ್ವ ತಿರುಗಿ ನೋಡಿದಳು. “ಜೇಲಿನ್ಯಾಗ?” ಹೌದು. “ಕಲತಳೇನು?” ಆರೋಗ್ಯ ಕೈಕೊಡುತ್ತಿತ್ತು, ಆದರೂ ಕೂಡುತ್ತಿದ್ದಳಂತೆ. ಅವ್ವ ನಾಲ್ಕನೆಯ ಇಯತ್ತೆ ಮುಗಿಸಿ ಶಾಲೆ ಬಿಟ್ಟವಳು. ನನ್ನ ಮದುವೆಯಾದ ಮೇಲೆ, ನನಗೆ ಪತ್ರ ಬರೆಯುವುದಕ್ಕೆಂದು ಪಾಟಿ ಹಿಡಿದು ಅಕ್ಷರ ತಿದ್ದಿಕೊಂಡವಳು. ಆ ಕೋಣೆಯ ಮುಂದೆ ಎಷ್ಟು ಹೊತ್ತು ನಿಂತಳೆಂದು ನಾನು ಗಡಿಯಾರ ನೋಡಲಿಲ್ಲ.

ಹಿತ್ತಲ ಕಡೆ ಅಕ್ಕಪಕ್ಕ ಎರಡು ಸಮಾಧಿ. ಅವ್ವ ಎಲೆಅಡಿಕೆ ಚೀಲ ಬಿಚ್ಚಿ ಒಂದು ವೀಳ್ಯದೆಲೆ, ಒಂದು ಅಡಿಕೆ ಹೋಳು ಕಸ್ತೂರಬಾ ಸಮಾಧಿಯ ಅಂಚಿಗಿಟ್ಟು, ಒಂದು ಕ್ಷಣ ನಿಂತು ಮತ್ತೊಂದು ಜೊತೆ ತೆಗೆದು ಮಹಾದೇವಭಾಯಿಗೂ ಇಟ್ಟಳು. ಚೀಲದೊಳಗಿನಿಂದ ಬಸ್ಸಿನ ಪಾಸು ಸುಣ್ಣ ಹತ್ತಿಸಿಕೊಂಡು ಹೊರಬಂತು. ಹಿಂದಿರುಗುವ ಬಸ್ಸಿನ ಕಂಡಕ್ಟರ್ ಅದನ್ನು ಬಿಡಿಸಿ ದಿನಾಂಕ ನೋಡಿ ಏನೂ ಅನ್ನದೆ ಹಿಂತಿರುಗಿಸಿದ.

ಮರುದಿನ ಮತ್ತೆರಡು ಪಾಸು ಕೊಂಡೆವು. ಮಹಾತ್ಮಾ ಫುಲೆ ಪೇಟೆಯ ಫುಲೆವಾಡೆಗೆ ಹೋಗುವುದೆಂದು ಮಾತಾಗಿತ್ತು, ಹೋದೆವು. ಸಣ್ಣ ಅಂಗಳ, ಮಾಡಿನ ಮನೆ, ಬಾವಿ. ಜ್ಯೋತಿಬಾ ಮತ್ತು ಸಾವಿತ್ರಿಬಾಯಿಯವರಿಗೆ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳಿರಲಿಲ್ಲ. ಬಸಿರಾದ ವಿಧವೆಯರು ಗುಟ್ಟಾಗಿ ಬಂದು ಹೆತ್ತು ಹೋಗಲೆಂದು 1863ರಲ್ಲಿ ಆಶ್ರಯ ತೆರೆದರು. ಅಂಥ ಒಬ್ಬ ತಾಯಿಯ ಮಗುವನ್ನೇ ಯಶವಂತನೆಂದು ಸಾಕಿ ಮಗನನ್ನಾಗಿ ಮಾಡಿಕೊಂಡರು. ಆತ ಮುಂದೆ ಡಾಕ್ಟರಾದ. 1868ರಲ್ಲಿ ಮನೆಯ ನೀರನ್ನು ಊರು ಮುಟ್ಟಿಸಿಕೊಳ್ಳದ ಜನರಿಗೆ ಬಿಟ್ಟುಕೊಟ್ಟರು. ಬಾವಿಯೊಳಗೆ ಬಗ್ಗಿ ನೋಡಿ ಅವ್ವ ಕೇಳಿದ್ದು ಒಂದೇ: “ಆ ಹೆಣಮಕ್ಕಳಿಗೆ ಬಾಣಂತನ ಯಾರ ಮಾಡತಿದ್ದರು?” ಸಾವಿತ್ರಿಬಾಯಿಯವರೇ ನೋಡಿಕೊಳ್ಳುತ್ತಿದ್ದರು ಎಂದೆ. ಮಗ ತೀರಿದ ಮನೆ, ಹೆಂಡತಿ ತೀರಿದ ಮನೆ, ಮಕ್ಕಳಿಲ್ಲದ ಮನೆ: ಈ ಊರಿನಲ್ಲಿ ಮ್ಯೂಸಿಯಂ ಅಂದರೆ ಯಾರದೋ ಬಾಗಿಲು ತಟ್ಟಿ ಒಳಗೆ ಹೋದಂತೆಯೇ.

ಅಲ್ಲಿಂದ ಮನೆಗೆ ಬಸ್ಸು ಹತ್ತಬೇಕು. ಅವ್ವ, “ಪಾಸು ಇನ್ನೂ ಐತಲ್ಲ?” ಅಂದಳು. ರಾತ್ರಿವರೆಗೂ ನಡೆಯುತ್ತದೆ ಎಂದೆ. “ಹಂಗಾದರ ಅಡಕೊತ್ತಿನ ಮನಿಗೆ ಹೋಗೂಣು.” ಮತ್ತೆ ಬಾಜಿರಾವ್ ರಸ್ತೆ, ಮತ್ತೆ ಟಿಕೆಟ್ಟು. ದೀಪದ ಕೋಣೆಗಳನ್ನು ದಾಟಿ ಸೀದಾ ಹೋಗಿ ಆ ಗಾಜಿನ ಮುಂದೆ ನಿಂತು ನೋಡಿದಳು, ತಿರುಗಿ ಹೊರಟಳು. ಹತ್ತು ನಿಮಿಷ. ಒಂದೇ ವಸ್ತುವಿಗಾಗಿ ಎರಡನೆಯ ಸಲ ಮ್ಯೂಸಿಯಂಗೆ ಬಂದದ್ದು ನನ್ನ ಜೀವನದಲ್ಲಿ ಅದೇ ಮೊದಲು. ಪ್ಯಾರಿಸ್ಸಿನಲ್ಲಿ ಹೀಗೆ ಬರಬೇಕೆಂದು ನನಗೆ ತೋಚಿಯೇ ಇರಲಿಲ್ಲ.

ಅವ್ವ ಊರಿಗೆ ಹೋದ ವಾರ ನಾನೊಬ್ಬಳೇ ಪಾಸು ಕೊಂಡು ಯರವಡಾದ ಡೆಕ್ಕನ್ ಕಾಲೇಜಿಗೆ ಹೋದೆ. 1821ರಲ್ಲಿ ವಿಶ್ರಾಮಬಾಗ್ ವಾಡೆಯ ಸಂಸ್ಕೃತ ಪಾಠಶಾಲೆಯಾಗಿ ಹುಟ್ಟಿದ ಸಂಸ್ಥೆ ಅದು. ಅಲ್ಲಿಯ ಪುರಾತತ್ವ ವಿಭಾಗ ಎಚ್.ಡಿ. ಸಾಂಕಳಿಯಾ ಕಟ್ಟಿ ಬೆಳೆಸಿದ್ದು. ಬಳ್ಳಾರಿ ಸೀಮೆಯ ತೆಕ್ಕಲಕೋಟೆಯ ಗುಡ್ಡದಲ್ಲಿ ಅಗೆದದ್ದು, ಹುಣಸಗಿ ಕಣಿವೆಯಲ್ಲಿ ಕೆ. ಪದ್ದಯ್ಯನವರು ವರ್ಷಗಟ್ಟಲೆ ಅಲೆದು ಕಲ್ಲಿನ ಹತಾರ ಹುಡುಕಿದ್ದು, ಎಲ್ಲ ಇಲ್ಲಿಂದಲೇ. ಆ ಕಣಿವೆಯ ಇಸಾಂಪುರದಲ್ಲಿ ಸುಣ್ಣಕಲ್ಲಿನ ಚಪ್ಪಡಿ ಎಬ್ಬಿಸಿ, ಅಲ್ಲೇ ಕೂತು ಕೊಡಲಿ ಮಾಡಿದ ಜನರ ಕಾಲವನ್ನು ಸುಮಾರು 12 ಲಕ್ಷ ವರ್ಷ ಹಿಂದಕ್ಕೆ ಎಣಿಸಿದ್ದಾರೆ. ಮ್ಯೂಸಿಯಂನ ಆದಿಮಾನವರ ವಿಭಾಗದಲ್ಲಿ ಕೈಗೊಡಲಿಗಳ ಮುಂದೆ ನಿಂತೆ. ಒಂದು ತುದಿ ಚೂಪು, ಇನ್ನೊಂದು ತುದಿ ಅಂಗೈಗೆ ಕೂರುವಂತೆ ದುಂಡಗೆ. ಚೀಟಿ ಓದಲಿಲ್ಲ. ಬಲಗೈ ಮೇಲೆ ತಂದೆ. ಹೆಬ್ಬೆರಳು ಎಲ್ಲಿ ಬರಬೇಕು? ನಾಲ್ಕು ಬೆರಳು ಎಲ್ಲಿ?

ಸಂಜೆ ಸ್ವಾರಗೇಟ್ ದಾಟುವಾಗ ಧಾರವಾಡದಿಂದ ಫೋನು ಬಂತು. ಅವ್ವ ತಮ್ಮನ ಕೈಲಿ ಅಟ್ಟದ ಮೇಲಿನ ಕಬ್ಬಿಣದ ಟ್ರಂಕು ಇಳಿಸಿದ್ದಳು. ಅಡಕೊತ್ತು ಸಿಕ್ಕಿರಲಿಲ್ಲ.

“ನಿಮ್ಮ ಅಜ್ಜಿ ಸುಣ್ಣದ ಡಬ್ಬಿ ಐತಿ, ತಂಗಿ” ಅಂದಳು. “ಹಿತ್ತಾಳೀದು. ಒಳಗ ಸುಣ್ಣ ಇನ್ನೂ ಐತಿ, ಕಲ್ಲಾಗೇತಿ. ಆಕಿ ಬಟ್ಟಿನ ಗುರುತು ಹಂಗ ಐತಿ.”